ಒಲೆಯ ಮೇಲಿಟ್ಟ ಫ್ಲಾಪಿ

ನಾನು ಪದವಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ನಾಲ್ಕು ಕಂಪ್ಯೂಟರ್ ಬಂದವು. ಅಲ್ಲಿಯವರೆಗೆ ಸೆಮಿನಾರ್ ಅಂದರೆ ಮೇಷ್ಟ್ರು ಬರೆಸಿದ ನೋಟ್ಸನ್ನೇ ಎದ್ದು ನಿಂತು ಓದುವುದು. ಈ ಸಲ ಹಾಗಿಲ್ಲ, ನೀವೇ ಏನಾದರೂ ವಿಚಾರಿಸಿ ತಂದು ಕಂಪ್ಯೂಟರಿನಲ್ಲಿ ತೋರಿಸಬೇಕು ಅಂದರು ಸಮಾಜಶಾಸ್ತ್ರದ ಮೇಷ್ಟ್ರು. ಇಪ್ಪತ್ತು ಅಂಕ. ಅದು ಕೈತಪ್ಪಿದರೆ ನನಗೆ ಪ್ರಥಮ ದರ್ಜೆ ಇಲ್ಲ, ದರ್ಜೆ ಇಲ್ಲದೆ ಎಂ.ಎ. ಸೀಟೂ ಇಲ್ಲ. ನಮ್ಮ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ.

ಲೈನಿನ ಹೆಂಗಸರು ಯಾವ ಕೆಲಸಕ್ಕೆ ದಿನದಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆ ಅನ್ನುವುದನ್ನು ಕಂಬಗಳ ಚಿತ್ರ ಮಾಡಿ ತೋರಿಸುವುದು ಅಂತ ಇಟ್ಟುಕೊಂಡೆ. ಒಬ್ಬೊಬ್ಬರಿಗೆ ವಾರಕ್ಕೆ ಅರ್ಧ ಗಂಟೆ ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು ಹೋಗಿ, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಕುಟ್ಟುತ್ತಿದ್ದೆ. ಐದು ವಾರಕ್ಕೆ ಎಂಟು ಪುಟ ಆಯಿತು. ಅವರವರ ಕೆಲಸ ಅವರವರ ಫ್ಲಾಪಿ ಅನ್ನುವ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆಯಲ್ಲಿ, ಕಂಪ್ಯೂಟರಿನಲ್ಲಿ ಯಾರದ್ದೂ ಉಳಿಸುವಂತಿಲ್ಲ. ಮಳೆ ಹಿಡಿದಿತ್ತು. "ತೇವ ತಗಲಿಸಬೇಡಮ್ಮ, ಬೂಷ್ಟು ಹಿಡಿದರೆ ಮುಗೀತು" ಅಂತ ಮೇಷ್ಟ್ರು ಎಚ್ಚರಿಸಿ ಕಳಿಸಿದರು.

ಅದೇ ಮಾತು ಹೇಳಿ ಅವ್ವನ ಕೈಗೆ ಕೊಟ್ಟೆ. ನಮ್ಮ ಕಡೆ ತೇವ ತಗಲಬಾರದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಬೀಜದ ಗಂಟು, ರೇಷನ್ ಕಾರ್ಡು, ನನ್ನ ಅಂಕಪಟ್ಟಿ, ಎಲ್ಲ ಅಲ್ಲೇ. ಅವ್ವ ಫ್ಲಾಪಿಗೆ ಬಟ್ಟೆ ಸುತ್ತಿ ಅವುಗಳ ಪಕ್ಕದಲ್ಲಿಟ್ಟಳು. ನನಗೂ ಅದು ಸರಿಯಾಗೇ ಕಂಡಿತು.

ಸೆಮಿನಾರಿನ ದಿನ ಹೊಂಗಡಹಳ್ಳದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಹೋದೆ. ಫ್ಲಾಪಿ ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು. ಮೇಷ್ಟ್ರು ಎಳೆದು ತೆಗೆದು ಬೆಳಕಿಗೆ ಹಿಡಿದರು. ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಇದೇನಮ್ಮ, ಹೊಗೆ ವಾಸನೆ?"

"ತೇವ ಆಗಬಾರದು ಅಂದಿದ್ರಲ್ಲ ಸರ್. ಒಲೆ ಅಟ್ಟದ ಮೇಲೆ ಇಟ್ಟಿದ್ವಿ."

ಕ್ಲಾಸು ನಕ್ಕಿತು. ಯಸಳೂರು ಕಡೆಯ ತೋಟದವರ ಹುಡುಗಿಯೊಬ್ಬಳು ಹಿಂದಿನಿಂದ, "ಇನ್ನು ಹುಳ ಬೀಳಾಕಿಲ್ಲ ಬಿಡು ಮಾರಾಯ್ತಿ" ಅಂದಳು. ಮೇಷ್ಟ್ರು ಬಯಲುಸೀಮೆಯವರು, ನಮ್ಮ ಒಲೆ ಅಟ್ಟ ಅವರಿಗೆ ಗೊತ್ತಿರಲಿಲ್ಲ, ನಗಲಿಲ್ಲ. "ನಾನೇ ಅರ್ಧ ಹೇಳಿ ಕಳಿಸಿದೀನಿ" ಅಂತ ಎರಡು ವಾರ ಟೈಮು ಕೊಟ್ಟರು. ಎರಡು ವಾರ ಅಂದರೆ ನನಗೆ ಎರಡು ಅರ್ಧ ಗಂಟೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯೇ ಹತ್ತಿರ ಬಂದಳು. "ನಂದು ಮುಗ್ದೈತೆ, ನನ್ನ ಹೊತ್ತೂ ನೀನೇ ತಗೋ. ನಮ್ಮಜ್ಜಿ ಕೈಗೆ ಸಿಕ್ಕಿದ್ರೂ ಅಟ್ಟಕ್ಕೇ ಹಾಕೋರು ಕಣೇ."

ಮನೆಯಲ್ಲಿ ಅವ್ವ ಫ್ಲಾಪಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ತೇವ ಆಗ್ಬಾರ್ದು ಅಂದೆ. ಬಿಸಿನೂ ತಾಗ್ಬಾರ್ದು ಅಂತ ಹೇಳಿದ್ಯಾ?"

"ನಂಗೂ ಗೊತ್ತಿರ್ಲಿಲ್ಲ ಕಣವ್ವ."

"ಅದ್ರಲ್ಲಿ ಏನಿತ್ತು?"

ಮೂರು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ನಾನೂ ಹೇಳಿದವಳಲ್ಲ. ಇದ್ದಿಲು ತಗೊಂಡು ನೆಲದ ಮೇಲೆ ಕಂಬ ಬರೆದೆ. ತೋಟದ ಕೆಲಸ ಇಷ್ಟುದ್ದ, ಅಡಿಗೆ ಇಷ್ಟು, ನೀರು ಇಷ್ಟು, ನಿದ್ದೆ ಇಷ್ಟು.

"ಸೌದೆ ಎಲ್ಲೇ?"

"ತೋಟದಿಂದ ಬರೋವಾಗ ಹೊತ್ಕೊಂಡು ಬರೋದಲ್ವಾ, ಅದ್ರೊಳಗೇ ಸೇರ್ತು."

"ಆರ್ಸೋದು ಯಾರು, ಸೀಳೋದು ಯಾರು? ಈ ಮಳೇಲಿ ಒಣಗ್ಸೋದು ನಿಮ್ ಮೇಷ್ಟ್ರಾ?"

ಲೈನಿನ ಮನೆಗಳಿಗೆ ಮತ್ತೆ ಹೋಗಿ ಕೇಳಿಬಂದೆ. ಸೌದೆಗೆ ದಿನಕ್ಕೆ ಒಂದೂವರೆ ಗಂಟೆ ಆಯಿತು. ಇರುವುದು ಇಪ್ಪತ್ನಾಲ್ಕೇ ಗಂಟೆ. ನಿದ್ದೆಯ ಕಂಬವನ್ನು ಅಷ್ಟು ಗಿಡ್ಡ ಮಾಡಿದೆ.

ಈ ಸಲ ಹೊಸ ಫ್ಲಾಪಿಯನ್ನು ಮೇಷ್ಟ್ರ ಬೀರುವಿನಲ್ಲೇ ಬಿಟ್ಟಿದ್ದೆ. ಎಂಟರ ಬದಲು ಐದೇ ಪುಟ ಆಗಿತ್ತು. ಕಂಬಗಳು ತೆರೆಯ ಮೇಲೆ ಬಂದಾಗ ಮೇಷ್ಟ್ರು ತಡೆದರು. "ಮೊದಲ ಸಲ ನೀನು ಕುಟ್ಟುವಾಗ ನೋಡಿದ್ದೆ, ಈ ಸೌದೆ ಇರಲಿಲ್ಲವಲ್ಲ?"

"ನಾನು ಬಿಟ್ಟಿದ್ದೆ ಸರ್. ನಮ್ಮವ್ವ ಹೇಳಿದ್ರು."

ಅವರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹದಿನೇಳು ಅಂಕ ಹಾಕಿದರು. ನನ್ನ ಪ್ರಥಮ ದರ್ಜೆಗೆ ಅಷ್ಟು ಸಾಕಾಯಿತು.