ಸತ್ತ ರಾಕ್ಷಸನಿಗೆ ಒನ್ಸ್ ಮೋರ್

ಊರಿಗೆ ಹೊರಡಬೇಕೆಂದು ಅಟ್ಟದ ಮೇಲಿಂದ ಹಳೆಯ ಸೂಟ್‌ಕೇಸ್ ಇಳಿಸಿದೆ. ಹಿಡಿಕೆಗೆ ಗಿಳಿಹಸಿರು ಬಣ್ಣದ ಬಟ್ಟೆಯ ಚೂರೊಂದು ಕಟ್ಟಿತ್ತು, ಅಂಚಿನಲ್ಲಿ ಸಣ್ಣ ಜರಿ. ರೈಲಿನಲ್ಲಿ ನನ್ನ ಪೆಟ್ಟಿಗೆಯ ಗುರುತು ಸಿಗಲಿ ಎಂದು ಕಾಕು ಕಟ್ಟಿಕೊಟ್ಟಿದ್ದು. ಬಿಚ್ಚಲು ನೋಡಿದೆ. ಅವರು ಹಾಕಿದ ಗಂಟು, ಅಷ್ಟು ಸುಲಭಕ್ಕೆ ಬಿಟ್ಟೀತೇ...

ಆಂಧ್ರ ಆಗಷ್ಟೇ ಎರಡು ರಾಜ್ಯವಾಗಿತ್ತು. ನಾನು ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದೆ. ಸಿಂಹಾಚಲಂ ರಸ್ತೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ, ಕೆಳಗೆ ಮಾಲೀಕರು. ಅವರು ತೆಲುಗಿನವರು, ಹೆಂಡತಿ ಮಾತ್ರ ನಮ್ಮ ಗದಗಿನ ಕಡೆಯವರು. ಫೋನಿನಲ್ಲಿ ನಾನು ಅವ್ವನ ಹತ್ತಿರ ಮಾತಾಡುವುದು ಕಿವಿಗೆ ಬಿದ್ದದ್ದೇ, ಮೆಟ್ಟಿಲೇರಿ ಬಂದು "ಯಾವೂರವಾ ನಿಂದು?" ಎಂದು ಪಿಸುಗುಟ್ಟಿದರು. ಅವತ್ತಿನಿಂದ ಅವರು ನನಗೆ ಕಾಕು, ಅಂದರೆ ಚಿಕ್ಕಮ್ಮ.

ಪಿಸುಗುಟ್ಟಿದ್ದೇಕೆ ಎಂಬುದು ಆಮೇಲೆ ತಿಳಿಯಿತು. ಅವರ ಗಂಟಲಲ್ಲಿ ಗಡ್ಡೆಯೊಂದು ಕಂಡಿತ್ತು. ಆಪರೇಷನ್ ಆದ ಮೇಲೆ ಧ್ವನಿ ಉಳಿಯುವ ಖಾತ್ರಿ ಇಲ್ಲ, ಅಲ್ಲಿಯವರೆಗೂ ಮಾತು ಮಿತವಾಗಿರಲಿ, ಹಾಡಂತೂ ಬೇಡವೇ ಬೇಡ ಎಂದಿದ್ದರು ಡಾಕ್ಟರು. ಹೇಳಿದ್ದು ಯಾರಿಗೆ! ಕಾಕುವಿನ ತವರೇ ನಾಟಕ ಕಂಪನಿ. ಬಣ್ಣದ ಪೆಟ್ಟಿಗೆಯ ಪಕ್ಕ ಮಲಗಿ ಬೆಳೆದವರು. ಕಡಲ ಉಪ್ಪುಗಾಳಿಗೆ ಸ್ವರ ಕೆಟ್ಟೀತೆಂದು ಹಾರ್ಮೋನಿಯಂ ಅನ್ನು ರಗ್ಗಿನಲ್ಲಿ ಸುತ್ತಿ ಮಲಗಿಸುತ್ತಿದ್ದರು.

ಬಡಾವಣೆಯ ಕಾಲೇಜು ಹುಡುಗ ಹುಡುಗಿಯರದೊಂದು ನಾಟಕ ತಂಡ ಅವರ ಕೈಯಲ್ಲಿತ್ತು. ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುವ ಅಜ್ಜಿಕಥೆ ಗೊತ್ತಲ್ಲ, ಅದನ್ನೇ ತಿರುಚಿ ತೆಲುಗಿನಲ್ಲಿ ಹಾಡು ತುಂಬಿದ ನಗೆನಾಟಕ ಮಾಡಿದ್ದರು. ಇಲ್ಲಿ ಗಿಳಿಗೆ ನೆಗಡಿ. ಗಿಳಿ ಸೀನಿದಾಗಲೆಲ್ಲ ಏಳು ಸಮುದ್ರದಾಚೆ ರಾಕ್ಷಸನೂ ಸೀನಬೇಕು. ಪಾಪ, ರಾಜಕುಮಾರಿಯನ್ನು ಹೆದರಿಸಲು ಬಾಯಿ ತೆರೆದರೆ ಬರುವುದು ಆಕ್ಷೀ! ಈ ನಾಟಕವನ್ನು ವಿಜಯವಾಡದಲ್ಲಿ ಆಡಲು ಕರೆ ಬಂದಿತ್ತು. ಅದರ ಮರುವಾರವೇ ಆಪರೇಷನ್.

ಹಾಡಿನ ನಾಟಕ, ಕಲಿಸುವವರು ಹಾಡುವಂತಿಲ್ಲ. ಇದು ಆಗುವ ಹೋಗುವ ಕೆಲಸವಲ್ಲ ಎಂದುಕೊಂಡಿದ್ದೆ. ಕಾಕು ರಾಕ್ಷಸನ ಪಾತ್ರದ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವನ ಅಂಗೈಯನ್ನು ಹಾರ್ಮೋನಿಯಂನ ಗಾಳಿ ಒತ್ತುವ ಹಲಗೆಯ ಮೇಲಿಟ್ಟರು. ಅದು ತೆರೆದಾಗ ಅವನು ಉಸಿರೆಳೆಯಬೇಕು, ಮುಚ್ಚುವಾಗ ಬಿಡಬೇಕು. ತಮ್ಮದೊಂದು ಹಳೆಯ ಗಿಳಿಹಸಿರು ಮಂಗಳಗಿರಿ ಸೀರೆ ಹರಿದು ಗಿಳಿಯ ರೆಕ್ಕೆ ಹೊಲಿದರು. ಉಳಿದ ಪಟ್ಟಿಯಿಂದ ಗಿಳಿಯ ಹುಡುಗಿಯ ಮಣಿಕಟ್ಟಿಗೂ ರಾಕ್ಷಸನ ಮಣಿಕಟ್ಟಿಗೂ ಗಂಟು ಹಾಕಿದರು. ತಾಳ ಬಿದ್ದಾಗ ಪಟ್ಟಿ ಜಗ್ಗುತ್ತಿತ್ತು, ಇಬ್ಬರೂ ಸೀನುತ್ತಿದ್ದರು. ಕೆಲವೇ ದಿನಗಳಲ್ಲಿ ಪಟ್ಟಿ ಬಿಚ್ಚಿದರೂ ಎರಡು ಸೀನು ಒಂದೇ ಆಗಿ ಬರತೊಡಗಿತು. ಟೆರೇಸಿನ ಮೂಲೆಯಲ್ಲಿ ಕೂತು ನಾನು ಅದನ್ನೆಲ್ಲ ನೋಡುತ್ತಿದ್ದೆ.

ಒಂದು ಮಾತನ್ನು ಮಾತ್ರ ಬಾಯಿಬಿಟ್ಟು ಹೇಳಿದ್ದರು. "ಒನ್ಸ್ ಮೋರ್ ಅಂದ್ರ ಸತ್ತಾವನೂ ಎದ್ದು ಹಾಡಬೇಕು. ಕಂಪನಿ ರಿವಾಜು." ಆ ಪಿಸುಮಾತನ್ನು ನಾನು ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ ತಿಳಿಸಿದಾಗ ಹುಡುಗರು ಬಿದ್ದು ಬಿದ್ದು ನಕ್ಕರು. "ಈಗಿನ ಕಾಲದಲ್ಲಿ ಯಾರು ಆಂಟೀ ಹಾಗೆ ಕೂಗೋದು?" ಎಂದ ರಾಕ್ಷಸ.

ತಂಡದ ಜೊತೆ ನಾನೂ ವಿಜಯವಾಡಕ್ಕೆ ಹೊರಟ ದಿನ ಕಾಕುವಿನ ಯಜಮಾನರು ನನ್ನನ್ನು ಕರೆದು, ತಮ್ಮ ಅರೆಬರೆ ಕನ್ನಡದಲ್ಲಿ, "ಆಕೆ ಹಾಡಬಾರದಂಡಿ. ನೀವೇ ನೋಡ್ಕೋಬೇಕು" ಎಂದರು. ಒಳ್ಳೆಯ ಕಾವಲುಗಾರ್ತಿಯನ್ನೇ ಹುಡುಕಿದ್ದರು!

ಗವರ್ನರ್‌ಪೇಟೆಯ ಗಲ್ಲಿಯೊಂದರ ಹಳೆಯ ಸಭಾಭವನ. ಹೊರಗೆ ಆಟೋಗಳ ಗದ್ದಲ. ಮುಂದಿನ ಸಾಲಿನಲ್ಲಿ ಸಗಟು ಅಂಗಡಿಗಳ ಹಿರಿಯರು, ಪದ್ಯನಾಟಕ ನೋಡಿ ಪಳಗಿದವರು. ಸೀನಿಗೊಂದು ನಗೆ ಎದ್ದು, ನಾಟಕ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಕೊನೆಯಲ್ಲಿ ಗಿಳಿ ದೊಡ್ಡದಾಗಿ ಸೀನಿತು, ಆ ಸೀನಿಗೆ ಒಳಗಿದ್ದ ರಾಕ್ಷಸನ ಪ್ರಾಣ ಹೊರಗೆ ಹಾರಿತು. ರಾಕ್ಷಸ ತನ್ನ ಗಿಳಿಗೆ ಇನ್ನು ಕಷಾಯ ಕೊಡುವವರು ಯಾರೆಂದು ಹಾಡುತ್ತಾ ಹಾಡುತ್ತಾ ಸತ್ತು ಬಿದ್ದ.

"ಒನ್ಸ್ ಮೋರ್!" ಮುಂದಿನ ಸಾಲಿನಿಂದ ಒಬ್ಬರು. ಮರುಕ್ಷಣ ಇಡೀ ಸಭೆ.

ಹುಡುಗ ಏಳಲಿಲ್ಲ. ತಮಾಷೆ ಮಾಡುತ್ತಿದ್ದಾರೆಂದು ತಿಳಿದನೋ, ಗಾಬರಿಯಾದನೋ... ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ನಮ್ಮ ಕಡೆ ನೋಡಿದ. ಪರದೆಯ ಮರೆಯಲ್ಲಿ ಕೂತಿದ್ದ ಕಾಕು ಹಾಡಿನ ಎತ್ತುಗಡೆಯ ಮೊದಲ ಸಾಲು ನುಡಿಸಿದರು. ಮತ್ತೆ ನುಡಿಸಿದರು. ಅವನು ಅಲ್ಲಾಡಲಿಲ್ಲ. ಅವರ ಬೆನ್ನು ನೆಟ್ಟಗಾದದ್ದು ನೋಡಿ ನಾನು ಗಾಬರಿಯಿಂದ ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಅದನ್ನು ಮೆಲ್ಲಗೆ ಸರಿಸಿ, ಕಾಕು ಹಾಡಿದರು.

ತೆಲುಗಿನ ಸಾಲಲ್ಲ. ಅದೇ ಮಟ್ಟಿನಲ್ಲಿ ತಮ್ಮ ತಾಯಿ ಹಾಡುತ್ತಿದ್ದ ಕನ್ನಡದ ಸಾಲು. ಅಂಚು ಸವೆದ, ಅಲ್ಲಲ್ಲಿ ಒಡೆದ ಧ್ವನಿ, ಮೈಕಿಲ್ಲದೆ ಸಭೆಯ ಹಿಂದಿನ ಗೋಡೆ ಮುಟ್ಟಿತು. ಅಷ್ಟು ದಿನ ಜೊತೆಗಿದ್ದೂ ಅವರ ಹಾಡು ನಾನು ಕೇಳಿದ್ದು ಅದೇ ಮೊದಲು. ಇಷ್ಟನ್ನು ಒಳಗಿಟ್ಟುಕೊಂಡು ಈ ಹೆಂಗಸು ಸುಮ್ಮನಿದ್ದದ್ದಾದರೂ ಹೇಗೆ! ಸತ್ತ ರಾಕ್ಷಸ ಎದ್ದು ಕೂತ, ಓರೆಯಾದ ಕೊಂಬು ಸರಿಮಾಡಿಕೊಂಡ, ಎರಡನೆಯ ಸಾಲನ್ನು ತೆಲುಗಿನಲ್ಲಿ ಎತ್ತಿಕೊಂಡ. ಸಭೆ ಎದ್ದು ನಿಂತಿತ್ತು.

ಮರಳುವಾಗ ರೈಲಿನಲ್ಲಿ "ಯಾಕ ಹಾಡಿದ್ರಿ ಕಾಕು?" ಎಂದೆ. ನನಗೆ ಅಳು ಬಂದಿತ್ತು.

"ಮಂದಿ ಕೇಳಿದ್ರಲ್ಲವಾ" ಎಂದರು, ಪಿಸುಮಾತಿನಲ್ಲಿ. "ಕೇಳಿದಾಗ ಇಲ್ಲ ಅನ್ನಂಗಿಲ್ಲ."

ಆಪರೇಷನ್ ಆಯಿತು, ಜೀವ ಉಳಿಯಿತು. ಪಿಸುಮಾತೂ ಉಳಿಯಲಿಲ್ಲ. ಆಮೇಲೂ ತಂಡ ಬಿಡಲಿಲ್ಲ ಅವರು. ನಾನು ಕೆಲಸ ಬದಲಿಸಿ ಆ ಊರು ಬಿಟ್ಟಾಗ, ಮಣಿಕಟ್ಟುಗಳ ಆ ಪಟ್ಟಿಯಿಂದ ಚೂರು ಹರಿದು ಪೆಟ್ಟಿಗೆಗೆ ಕಟ್ಟಿ, ಕೈ ಬೀಸಿ ಕಳಿಸಿದರು. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ರಾಕ್ಷಸನ ಫೋನ್ ಬಂತು. "ಆಂಟಿ ಹೋದರು" ಎಂದಷ್ಟೇ ಹೇಳಿ ಅತ್ತ...

ಗಂಟು ಬಿಚ್ಚಲಿಲ್ಲ, ಕತ್ತರಿಸುವ ಮನಸ್ಸೂ ಬರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ. ಹಸಿರು ಚೂರನ್ನು ಬೆರಳಿಗೆ ಸುತ್ತಿಕೊಂಡು, ಮೆಲ್ಲಗೆ, "ಒನ್ಸ್ ಮೋರ್ ಕಾಕು" ಎಂದೆ. ಸ್ವಲ್ಪ ಹೊತ್ತು ಕಾದೆ.

ರಿವಾಜು ಹೇಳಿಕೊಟ್ಟವರೇ ಅದನ್ನು ಮುರಿದರು.