ಕಾಲು ತಾಳುವಷ್ಟು ಹೊತ್ತು

ಕಲ್ಲಿನ ಮೇಲೆ ಹಿಮ್ಮಡಿಯನ್ನು ಎಷ್ಟು ಹೊತ್ತು ಇಡಬೇಕು ಎಂಬುದಕ್ಕೆ ಅಕ್ಕ ಗಡಿಯಾರ ನೋಡುತ್ತಿರಲಿಲ್ಲ. "ತಾಳುವಷ್ಟು ಇಡು. ತಾಳ್ಲಿಲ್ಲ ಅಂದ್ರೆ ತೆಗಿ" ಎನ್ನುತ್ತಿದ್ದಳು. ನಮ್ಮ ಕಡೆ ಹಿಮ್ಮಡಿ ನೋವಿಗೆ ಬಹಳ ಮನೆಗಳಲ್ಲಿ ಮಾಡುವ ಔಷಧ ಅದು. ಬಚ್ಚಲ ಒಲೆಯ ಕೆಂಡದಲ್ಲಿ ಚಿರೆಕಲ್ಲಿನ ತುಂಡೊಂದನ್ನು ಕಾಯಿಸಬೇಕು. ಇಕ್ಕಳದಲ್ಲಿ ಹಿಡಿದು ಹೊರಗೆ ತಂದು ಅದರ ಮೇಲೆ ಎಕ್ಕದ ಎಲೆ ಹಾಸಬೇಕು. ಎಲೆ ಚುಂಯ್ ಎನ್ನುವಾಗ ಹಿಮ್ಮಡಿ ಊರಬೇಕು. ಸುಡುತ್ತದೆ, ತೆಗೆಯಬೇಕು. ಮತ್ತೆ ಊರಬೇಕು. ಎಲೆ ಬಾಡಿ ಕಪ್ಪಾದರೆ ಹೊಸ ಎಲೆ. ಏಳು ಎಲೆ ಮುಗಿಯುವಷ್ಟರಲ್ಲಿ ಕಲ್ಲು ತಣಿಯುತ್ತದೆ. ಈ ಔಷಧದಲ್ಲಿ ಅಳತೆ ಎಂದು ಇರುವುದು ಕಾಲು ಇಟ್ಟವನ ನೋವು ಮಾತ್ರ. ಇದನ್ನು ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆಗ ಯಾರೂ ಹಾಗೆ ಯೋಚಿಸಿರಲಿಲ್ಲ.

ನಾನು ಓಡಲು ಶುರುಮಾಡಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಮನೆ ಹೊನ್ನಾವರ, ಕೆಲಸ ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತಿಕೆ. ವಾರದ ದಿನಗಳಲ್ಲಿ ಬಸ್ಸಿನ ಹೊತ್ತಿಗೆ ಮೊದಲು ಶರಾವತಿ ಸೇತುವೆ ದಾಟಿ ಕಾಸರಕೋಡಿನ ಮರಳಿನವರೆಗೆ ಹೋಗಿ ಬರುತ್ತಿದ್ದೆ. ಭಾನುವಾರ ಮಾತ್ರ ಉತ್ತರದ ದಾರಿ. ಕರ್ಕಿ, ಹಳದೀಪುರ, ಧಾರೇಶ್ವರ, ಕುಮಟಾ. ಸುಮಾರು ಇಪ್ಪತ್ತು ಕಿಲೋಮೀಟರ್. ಅಕ್ಕನನ್ನು ಕೊಟ್ಟದ್ದು ಕುಮಟಾದ ಪಕ್ಕದ ಹೊಳನಗದ್ದೆಗೆ. ಕುಮಟಾ ಮುಟ್ಟಿದ ಮೇಲೆ ರಿಕ್ಷಾ ಹಿಡಿದು ಅವಳ ಮನೆಗೆ ಹೋಗಿ, ನೋವಿದ್ದ ದಿನ ಹಿಮ್ಮಡಿಗೆ ಕಲ್ಲು ಇಟ್ಟು, ಸ್ನಾನ ಮಾಡಿ, ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಹೊನ್ನಾವರಕ್ಕೆ ಮರಳುವುದು.

ಜೊತೆಗೆ ಓಡುತ್ತಿದ್ದವನು ಒಬ್ಬ ಗೆಳೆಯ, ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಕೊಂಕಣಿ, ರಸ್ತೆಯಲ್ಲಿ ನನ್ನ ಜೊತೆ ಕನ್ನಡ, ಎರಡರಲ್ಲೂ ಬಾಯಿಗೆ ಬಿಡುವಿಲ್ಲ. ನನ್ನ ಕಾಲಿನ ಚರಿತ್ರೆ ಅವನಿಗೆ ಬಾಯಿಪಾಠವಾಗಿತ್ತು. ಮೊದಲ ವರ್ಷ ಎಡ ಹಿಮ್ಮಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆಯ ಮೇಲೆ ಕಾಲಿಟ್ಟ ಹಾಗೆ. ಎರಡನೆಯ ವರ್ಷ ಅದೇ ಪಾದದ ಮುಂಭಾಗದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂರನೆಯ ವರ್ಷ ಮತ್ತೆ ಹಿಮ್ಮಡಿ, ಅದೂ ಸ್ಪರ್ಧೆಗೆ ನಾಲ್ಕು ದಿನ ಇರುವಾಗ.

"ಗುಮಾಸ್ತರೆ, ನಿಮ್ದು ಸರಕಾರಿ ಕಾಲು" ಎಂದಿದ್ದ ಅವನು. "ವರ್ಷಕ್ಕೆ ಇಷ್ಟು ರಜೆ ಅಂತ ಮೊದಲೇ ಬರ್ಕೊಂಡದೆ."

ಸ್ಪರ್ಧೆ ಎಂದರೆ ಕುಮಟಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದು ಹಾಫ್ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರ್. ಅದನ್ನು ಎರಡು ಗಂಟೆಯ ಒಳಗೆ ಮುಗಿಸಬೇಕು ಎಂಬುದು ನನ್ನ ಆಸೆ. ಗೆದ್ದು ಪದಕ ತರುವ ವಯಸ್ಸಲ್ಲ, ಯಾರೂ ಕೇಳುವವರೂ ಇಲ್ಲ. ಆದರೂ ಆ ಎರಡು ಗಂಟೆ ಎಂಬುದು ನನ್ನೊಳಗೆ ಕೂತುಬಿಟ್ಟಿತ್ತು. ನನ್ನ ಅತ್ಯುತ್ತಮ ಓಟವೇ ಎರಡು ಗಂಟೆ ಏಳು ನಿಮಿಷದ್ದು. ಏಳು ನಿಮಿಷ ಕಡಿಮೆ ಮಾಡಲು ಹೆಚ್ಚು ಓಡಬೇಕು, ಹೆಚ್ಚು ಓಡಿದರೆ ಕಾಲು ಕೈಕೊಡುತ್ತದೆ, ವಿಶ್ರಾಂತಿ ಕೊಟ್ಟರೆ ಏಳು ನಿಮಿಷ ಹತ್ತಾಗುತ್ತದೆ. ಮೂರು ವರ್ಷ ಹೀಗೇ ಕಳೆಯಿತು.

ನಾಲ್ಕನೆಯ ವರ್ಷ, ಮಳೆ ಬಿಟ್ಟ ಮೇಲೆ, ನೋವು ಕಡಿಮೆಯಾಗತೊಡಗಿತು. ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಯಿತು. ಬೆಳಿಗ್ಗೆ ಎದ್ದು ಕಾಲೂರುವಾಗ ಅಭ್ಯಾಸಬಲದಿಂದ ಹಲ್ಲು ಕಚ್ಚಿಕೊಳ್ಳುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಹೆಂಡತಿಗೆ ಹೇಳಿದೆ. "ಹಾಂಗಾರೆ ಅಕ್ಕನ ಕಲ್ಲು ಕೆಲ್ಸ ಮಾಡ್ತು" ಎಂದಳು. ಓಟದ ಡೈರಿಯಲ್ಲಿ ದಿನವೂ "ನೋವಿಲ್ಲ" ಎಂದು ಬರೆದೆ. ಆ ಪುಟಗಳು ಈಗಲೂ ಇವೆ. ಅಕ್ಷರಗಳು ಸ್ವಲ್ಪ ದೊಡ್ಡದಾಗಿವೆ.

ಬೇರೆ ಕೆಲವು ಸಂಗತಿಗಳನ್ನು ಬರೆದಿಲ್ಲ. ಬರಿಗಾಲಲ್ಲಿ ಜಗಲಿಯ ಸಿಮೆಂಟಿನ ಮೇಲೆ ನಿಂತರೂ ಕಾಲುಚೀಲ ಹಾಕಿಕೊಂಡ ಹಾಗೆ ಅನಿಸುತ್ತಿದ್ದುದು. ಒಂದು ಸಂಜೆ ಭಟ್ಕಳದ ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಮೀನಿನ ಬುಟ್ಟಿಯ ಹೆಂಗಸೊಬ್ಬಳು "ಓ ಅಣ್ಣ, ಎಂತ, ಒಂದು ಚಪ್ಪಲಿ ನಮಗೆ ಬಿಟ್ಟು ಹೋಗುದಾ?" ಎಂದು ಕೂಗಿದ್ದು. ತಿರುಗಿ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ ಹತ್ತು ಮಾರು ಹಿಂದೆ ಬಿದ್ದಿತ್ತು. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ತಲೆ ಎಲ್ಲೋ ಇತ್ತು ಅಂದುಕೊಂಡೆ.

ಸ್ಪರ್ಧೆಗೆ ಎರಡು ವಾರ ಇರುವ ಭಾನುವಾರ ನಾವಿಬ್ಬರೂ ಹೊನ್ನಾವರದಿಂದ ಕುಮಟಾಕ್ಕೆ ಓಡಿದೆವು. ಒಂದು ಗಂಟೆ ಐವತ್ತಮೂರು ನಿಮಿಷ. ಗೆಳೆಯ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತು, "ಇವತ್ತು ಎಂತ ತಿಂದು ಬಂದಿರಿ ಮಾರಾಯ್ರೆ? ನಂಗೂ ಸ್ವಲ್ಪ ಕೊಡಿ" ಎಂದ. ಅವನು ಬಸ್ಸಿಗೆ ಹೋದ. ನಾನು ಹೊಳನಗದ್ದೆಗೆ ಹೋದೆ.

ಅಕ್ಕ ಹಿತ್ತಿಲ ಕಟ್ಟೆಯ ಬಳಿ ಬಂಗಡೆ ಮೀನು ಹೆರೆಯುತ್ತಿದ್ದಳು. ನೋವಿಲ್ಲ ಎಂದೆ. "ಆತು, ಇಲ್ದೇ ಇದ್ರೆ ಒಳ್ಳೇದೇ. ಆದ್ರೂ ಇದೊಂದು ಸಲ ಇಟ್ಕೊ. ಓಟದ ದಿನ ಮತ್ತೆ ಬರೂದು ಬೇಡ" ಎಂದಳು. ಕಲ್ಲು ಆಗಲೇ ಒಲೆಯಲ್ಲಿತ್ತು. ನಾನೇ ಇಕ್ಕಳದಲ್ಲಿ ತಂದು, ಎಲೆ ಹಾಸಿ, ಮೆಟ್ಟಿಲ ಮೇಲೆ ಕೂತು ಎಡ ಹಿಮ್ಮಡಿ ಊರಿದೆ.

ಇಲ್ಲಿಂದ ಮುಂದಿನದನ್ನು ನಾನು ಬಹಳ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಎಲೆ ಚುಂಯ್ ಎಂದದ್ದು ಕೇಳಿತು. ಕಾಲು ತೆಗೆಯಬೇಕು ಎನಿಸಲಿಲ್ಲ. ಕಲ್ಲು ಹೆಚ್ಚು ಕಾದಿಲ್ಲ ಎಂದುಕೊಂಡು ಇನ್ನಷ್ಟು ಒತ್ತಿದೆ. ಅಕ್ಕನಿಗೆ ಆ ದಿನದ ಓಟ ವಿವರಿಸುತ್ತಿದ್ದೆ. ಹಳದೀಪುರಕ್ಕೆ ಎಷ್ಟು ನಿಮಿಷ, ಧಾರೇಶ್ವರಕ್ಕೆ ಎಷ್ಟು.

"ನಿನ್ನ ಓಟದ ಕತೆ ಕೇಳಿ ಕೇಳಿ ನಂಗೇ ಕಾಲುನೋವು ಬಂತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಎಂತ ವಾಸನೆ ಅದು?"

"ಎಲೆದು" ಎಂದೆ.

ಅವಳು ಮೀನು ಹೆರೆಯುವುದನ್ನು ನಿಲ್ಲಿಸಿದಳು. "ಎಲೆದಲ್ಲ."

ಎದ್ದು ಬಂದು ನನ್ನ ಮೊಣಕಾಲ ಕೆಳಗೆ ಕೈಹಾಕಿ ಕಾಲನ್ನು ಎತ್ತಿದಳು. ಅವಳ ಕೈಯಲ್ಲಿ ಮೀನಿನ ಹುರುಪೆ ಇತ್ತು, ಅದು ನನ್ನ ಮೀನಖಂಡಕ್ಕೆ ಅಂಟಿತು. ಕಾಲಿನ ಜೊತೆ ಎಲೆಯೂ ಬಂತು. ಅವಳು ಎಲೆಯನ್ನು ಎಳೆದಾಗ ಅದರ ಜೊತೆ ಹಿಮ್ಮಡಿಯ ಚರ್ಮವೂ ಬಂತು. ಅಡಿಯಲ್ಲಿ ಬೆಳ್ಳಗೆ, ಬೇಯಿಸಿದ ಮೊಟ್ಟೆಯ ಹಾಗೆ ಕಂಡಿತು. ನಾನು ಅದನ್ನು ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡುತ್ತಿದ್ದೆ. ಕೂಗಬೇಕು ಎಂದು ತಿಳಿಯುತ್ತಿತ್ತು, ಕೂಗಲು ಕಾರಣವೇ ಇರಲಿಲ್ಲ.

ಅಕ್ಕ ಕೊಡದ ನೀರನ್ನು ಪೂರ್ತಿ ಸುರಿದಳು. ಆಮೇಲೆ ನನ್ನ ಮುಂದೆ ನೆಲದ ಮೇಲೆ ಕೂತಳು.

"ನಿಂಗೆ ಗೊತ್ತಾಗ್ಲಿಲ್ವಾ?"

"ಇಲ್ಲ."

ಅವಳು ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. "ಆ ಕಡೆ ನೋಡು" ಎಂದಳು. ನಾನು ತೆಂಗಿನ ಬುಡದಲ್ಲಿ ಒಣಗಿಸಿದ್ದ ಗೋಣಿ ನೋಡುತ್ತ ಕೂತೆ. ಬಹಳ ಹೊತ್ತಾಯಿತು.

"ಚುಚ್ಚುದಾದ್ರೆ ಚುಚ್ಚು ಅಕ್ಕ" ಎಂದೆ.

ತಿರುಗಿ ನೋಡಿದರೆ ನನ್ನ ಹೆಬ್ಬೆರಳಿನ ತುದಿಯಲ್ಲಿ, ಅದರ ಪಕ್ಕದ ಬೆರಳಿನಲ್ಲಿ, ಅದರಾಚೆಯದರಲ್ಲಿ ಒಂದೊಂದು ಸಾಸಿವೆ ಕಾಳಿನಷ್ಟು ರಕ್ತ ಇತ್ತು. ಅಕ್ಕ ಪಿನ್ನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಜೀವನದಲ್ಲಿ ಅವಳ ಮುಖ ಹಾಗೆ ಇದ್ದುದನ್ನು ನಾನು ಬೇರೆ ಎಂದೂ ನೋಡಿಲ್ಲ.

ಭಾವ ಬೈಕಿನಲ್ಲಿ ಕುಮಟಾದ ಒಬ್ಬರು ಡಾಕ್ಟರ ಮನೆಗೆ ಕರೆದುಕೊಂಡು ಹೋದರು. ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿದರು. ಅದಾದ ಮೇಲೆ "ಇನ್ನೊಂದು ಕಾಲು" ಎಂದರು. ಇನ್ನೊಂದಕ್ಕೆ ಏನೂ ಆಗಿಲ್ಲ ಎಂದೆ. "ಇರಲಿ, ಕಣ್ಣು ಮುಚ್ಚಿ. ಈ ದಾರ ಮುಟ್ಟಿದಾಗೆಲ್ಲ ಹಾಂ ಅನ್ನಿ" ಎಂದರು. ಗಾಳಹಾಕುವ ದಾರದಂಥ ಗಿಡ್ಡ ನೈಲಾನ್ ದಾರ ಅದು. ಕಣ್ಣು ಮುಚ್ಚಿ ಕಾದೆ. ಹೊರಗೆ ಲಾರಿ ಹೋಯಿತು. ಒಂದು ಸಲ ಹಾಂ ಎಂದೆ. ಮತ್ತೆ ಕಾದು, "ಶುರು ಮಾಡಿದಿರಾ ಡಾಕ್ಟ್ರೆ?" ಎಂದು ಕೇಳಿದೆ.

"ಮುಗೀತು" ಎಂದರು. "ನೀವು ಹಾಂ ಅಂದಾಗ ನಾನು ಮುಟ್ಟಿರಲಿಲ್ಲ."

ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಾಕಿದರು. ಬಂದ ಅಂಕಿಯನ್ನು ಎರಡು ಸಲ ನೋಡಿದರು. ಶುಗರ್ ಯಾವಾಗ ತೋರಿಸಿದ್ದು ಎಂದು ಕೇಳಿದರು. ನಾನು ಎಂದೂ ತೋರಿಸಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹೈಸ್ಕೂಲಿನಲ್ಲೇ ಶುಗರ್ ತಪಾಸಣೆಯ ಶಿಬಿರ ನಡೆದಿತ್ತು. ಸಾಲಿನಲ್ಲಿ ನಿಂತವರ ಹೆಸರು, ವಯಸ್ಸು ಬರೆದುಕೊಂಡವನು ನಾನೇ. ಎಲ್ಲ ಮುಗಿದ ಮೇಲೆ ನರ್ಸು "ಸರ್, ನಿಮ್ದು?" ಎಂದು ಕೇಳಿದ್ದಳು. "ನಾನು ಓಡುವವ" ಎಂದಿದ್ದೆ. ಮಾಸ್ತರರೆಲ್ಲ ತಮ್ಮ ಹೊಟ್ಟೆ ಮುಟ್ಟಿಕೊಂಡು ನಕ್ಕಿದ್ದರು.

ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಮೊದಲಿನ ನೋವುಗಳು ನಿಜವಾದ ಗಾಯದವು. ಈಗ ನೋವು ಹೋದದ್ದು ಗಾಯ ವಾಸಿಯಾಗಿ ಅಂತ ನಂಗೆ ಅನಿಸೂದಿಲ್ಲ. ಶುಗರಿನಿಂದ ನರ ಸುದ್ದಿ ಕೊಡೂದು ನಿಲ್ಸಿದೆ." ಆಮೇಲೆ ಬಲ ಪಾದದ ಅಡಿಯನ್ನು ಬೆಳಕಿಗೆ ತಿರುಗಿಸಿ, "ಇದು ಯಾವಾಗ ಆದದ್ದು?" ಎಂದರು. ಹೆಬ್ಬೆರಳಿನ ಬುಡದಲ್ಲಿ ಒಂದು ಉದ್ದನೆಯ ಸೀಳು ಇತ್ತು. ನಾನು ಅದನ್ನು ನೋಡಿದ್ದು ಆಗಲೇ. ಮೂರು ನಾಲ್ಕು ದಿನದ್ದು ಎಂದರು.

ಮರುದಿನ ಗೆಳೆಯ ಮನೆಗೆ ಬಂದ. ಬಾಗಿಲಲ್ಲೇ "ಎಂತದು ಗುಮಾಸ್ತರೆ, ಮತ್ತೆ ರಜೆ ಅರ್ಜಿಯಾ?" ಎಂದ. ಹೆಂಡತಿ ಆಗ ಬೂಟುಗಳನ್ನು ತೊಳೆಯಲು ತೆಗೆದುಕೊಂಡಿದ್ದಳು. ಬಲಗಾಲಿನ ಬೂಟಿನೊಳಗೆ ಕೈಹಾಕಿದವಳು ಕೈಯನ್ನು ಚಟ್ಟನೆ ಹೊರಗೆಳೆದಳು. ಬೆರಳು ಕೊಯ್ದಿತ್ತು. ಬೂಟನ್ನು ಬೋರಲು ಹಾಕಿ ಕೊಡವಿದಳು. ಕಡಲ ಬಳಚಿನ ಒಡೆದ ಚಿಪ್ಪೊಂದು ಸಿಮೆಂಟಿನ ಮೇಲೆ ಟಿಕ್ ಎಂದು ಬಿತ್ತು. ಗುರುವಾರ ಕಾಸರಕೋಡಿನ ಮರಳಲ್ಲಿ ಬೂಟು ಬಿಚ್ಚಿಟ್ಟು ನೀರಿಗೆ ಇಳಿದಿದ್ದೆ. ಅಂದರೆ ಅದನ್ನು ತುಳಿಯುತ್ತಲೇ ಶುಕ್ರವಾರ ಒಂಬತ್ತು ಕಿಲೋಮೀಟರ್, ಭಾನುವಾರ ಇಪ್ಪತ್ತು.

ಗೆಳೆಯ ಚಿಪ್ಪನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ. ಅದರ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. "ನಾನು ಪಕ್ಕದಲ್ಲೇ ಇದ್ದೆ" ಎಂದ. ಚಾ ಕುಡಿಯದೆ ಹೋದ. ಅವನು ನಗೆಮಾತಿಲ್ಲದೆ ನಮ್ಮ ಮನೆಯ ಮೆಟ್ಟಿಲು ಇಳಿದದ್ದು ಅದೇ ಮೊದಲು.

ಅಕ್ಕ ಹತ್ತು ದಿನ ಬರಲಿಲ್ಲ. ಫೋನಿನಲ್ಲಿ "ನಾನೇ ಸುಟ್ಟೆ" ಎಂದಳು. ಕಲ್ಲು ಇಟ್ಟಿರದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಡಾಕ್ಟರೂ ಹಾಗೇ ಹೇಳಿದರು, ಓಡಿ ಓಡಿ ಕಾಲನ್ನೇ ಕಳೆದುಕೊಳ್ಳುತ್ತಿದ್ದೆ ಎಂದೆ. "ಹಾಂಗೆ ಹೇಳುಕೆ ಸುಲಭ ತಮ್ಮಾ" ಎಂದಳು. "ವಾಸನೆ ಬಂದಾಗ್ಲೂ ನಾ ಇನ್ನೊಂದು ಬಂಗಡೆ ಮುಗ್ಸಿದೆ." ಅದು ನನಗೆ ಗೊತ್ತಿರಲಿಲ್ಲ. ಅವಳು ಹೇಳದಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ.

ಗಾಯ ಒಣಗಲು ಎರಡು ಮೂರು ತಿಂಗಳು, ಅಲ್ಲಿಯವರೆಗೆ ಎಡಗಾಲು ಊರಬಾರದು, ಓಟದ ವಿಷಯ ಆಮೇಲೆ ನೋಡುವ ಎಂದಿದ್ದರು ಡಾಕ್ಟರು. ಆ "ನೋಡುವ" ಎಂಬುದನ್ನು ಹೆಂಡತಿ ಇಲ್ಲ ಎಂದು ಕೇಳಿಸಿಕೊಂಡಿದ್ದಳು, ನಾನು ಹೌದು ಎಂದು. ಊರುಗೋಲು ಬಂತು. ಶಾಲೆಗೆ ರಜೆ ಹಾಕಿದೆ.

ಸ್ಪರ್ಧೆಯ ದಿನ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಗೆಳೆಯ ಆಗಲೇ ಕುಮಟಾದಲ್ಲಿ ಸಾಲಿನಲ್ಲಿ ನಿಂತಿರುತ್ತಾನೆ. ಹೆಂಡತಿ ಬಚ್ಚಲಲ್ಲಿ ಒಲೆ ಹಚ್ಚುತ್ತಿದ್ದಳು. ಊರುಗೋಲು ಗೋಡೆಗೆ ಒರಗಿತ್ತು. ನಾನು ಅದನ್ನು ತೆಗೆದುಕೊಳ್ಳದೆ ಎದ್ದು ನಿಂತೆ. ಎರಡೂ ಕಾಲಿನ ಮೇಲೆ ಸರಿಯಾಗಿ ಭಾರ ಹಾಕಿ ನಿಂತೆ. ಏನೂ ಆಗಲಿಲ್ಲ. ನಾಲ್ಕು ಹೆಜ್ಜೆ ನಡೆದೆ. ಹಿಮ್ಮಡಿ ಗಟ್ಟಿಯಾಗಿ ಊರುತ್ತಿತ್ತು. ಮೀನಖಂಡದಲ್ಲಿ ಎರಡು ವಾರದ ವಿಶ್ರಾಂತಿಯ ಹುರುಪು ಇತ್ತು. ಮೂರು ವರ್ಷ ಸ್ಪರ್ಧೆಯ ದಿನ ಬೆಳಿಗ್ಗೆ ಯಾವ ಕಾಲು ಬೇಕು ಎಂದು ಆಸೆಪಟ್ಟಿದ್ದೆನೋ ಅದೇ ಕಾಲು. ಈಗಲೇ ರಿಕ್ಷಾ ಹಿಡಿದರೂ ಹೊತ್ತಾಗುತ್ತದೆ, ಆದರೆ ಕೊನೆಯ ಸಾಲಿನಲ್ಲಿ ಸೇರಿಕೊಳ್ಳಬಹುದು ಎಂಬ ಯೋಚನೆ ಬಂತು. ಸುಮ್ಮನೆ ಬಂದು ಹೋದ ಯೋಚನೆಯಲ್ಲ. ರಿಕ್ಷಾದವನ ನಂಬರು ಫೋನಿನಲ್ಲಿ ಹುಡುಕಿದೆ.

ಹೆಂಡತಿ ಬಾಗಿಲಿಗೆ ಬಂದಳು. ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು.

"ಕೂತ್ಕೊಳ್ಳಿ" ಎಂದಳು.

ಮಂಚದಿಂದ ನಾನು ನಿಂತಿದ್ದ ಜಾಗದವರೆಗೆ ನೆಲದ ಮೇಲೆ ಎರಡು ಒದ್ದೆ ಗುರುತುಗಳಿದ್ದವು. ನಾನು ನಿಂತಿದ್ದ ಕಡೆ ಮೂರನೆಯದು ದೊಡ್ಡದಾಗುತ್ತಿತ್ತು. ಪಟ್ಟಿಯ ಅಂಚಿನಿಂದ ಇಳಿಯುತ್ತಿದ್ದುದು ನನ್ನದೇ ರಕ್ತ. ಇಬ್ಬರೂ ಅದನ್ನೇ ನೋಡಿದೆವು. ನಾನು ಮತ್ತೊಮ್ಮೆ ಕಾಲಿನ ಕಡೆ ಗಮನ ಕೊಟ್ಟು, ಏನಾದರೂ ಇದೆಯೇ ಎಂದು ಕಾದೆ. ಇರಲಿಲ್ಲ.

ಮಂಚದ ಮೇಲೆ ಕೂತೆ. ಅವಳು ಹಳೆಯ ಪಂಚೆಯ ತುಂಡು ತಂದು ನೆಲ ಒರೆಸಿದಳು. ಒರೆಸಿ ಎದ್ದು, ಇನ್ನೇನೋ ನೆನಪಾದವಳಂತೆ ಮತ್ತೆ ಕೂತು, ನನ್ನ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದಳು. ಅವಳ ಕೈ ಮುಟ್ಟುತ್ತಿರುವುದು ನನಗೆ ಕಾಣುತ್ತಿತ್ತು.