ಬಾಯಿ ಮುಚ್ಚಿದ ನಾಲ್ಕು

ಅಣ್ಣನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳದೆ ಎರಡು ವರ್ಷ ಕಳೆದೆ. ಆ ಎರಡು ವರ್ಷವೂ ಅವನು ತನ್ನ ಕಣ್ಣು ಕೆಟ್ಟಿದೆ ಎಂದೇ ನಂಬಿಕೊಂಡಿದ್ದ. ಕೆಟ್ಟಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಹರಿಹರದ ನಮ್ಮ ಮನೆಯ ಮುಂದಿನ ಕೋಣೆಯೇ ಅಣ್ಣನ ಅಂಗಡಿ. ಬಾಗಿಲ ಮೇಲೆ, ಕಿಟಕಿಗಳಲ್ಲಿ ಕೂರಿಸುವ ಬಣ್ಣದ ಗಾಜಿನ ಚಿತ್ರಗಳನ್ನು ಮಾಡುತ್ತಿದ್ದ; ಹಳೆಯವು ಒಡೆದಿದ್ದರೆ ಸರಿ ಮಾಡಿಕೊಡುತ್ತಿದ್ದ. ಗಾಜು ಕೊಯ್ದು, ಸೀಸದ ಪಟ್ಟಿಗೆ ಸಿಕ್ಕಿಸಿ, ಬೆಸುಗೆ ಹಾಕುವುದು ಅವನ ಕೆಲಸ. ಸಂದಿಗೆ ಪುಟ್ಟಿ ತುಂಬಿ ಒರೆಸುವುದು, ಕಾಗದದ ಮೇಲೆ ಅಂಕಿ ಬರೆಯುವುದು ನನ್ನದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ಸಿಲ್ ಮತ್ತೆ ಸಿಕ್ಕಿದ್ದು ಆ ಅಂಗಡಿಯಲ್ಲಿ.

ಹಳೆಯ ಗಾಜಿನ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ ಉಜ್ಜಿದರೆ ಸೀಸದ ಗೆರೆಗಳು ಮೂಡುತ್ತವೆ. ಗೆರೆಗಳ ನಡುವೆ ಬಣ್ಣದ ಅಂಕಿ ಬರೆಯಬೇಕು. ನಾಲ್ಕು ಅಂದರೆ ತಿಳಿ ಗುಲಾಬಿ, ಎಂಟು ಅಂದರೆ ಕಡು ನೇರಳೆ. ಇವೆಲ್ಲ ಅಣ್ಣನೇ ಇಟ್ಟ ಅಂಕಿಗಳು. ಇಂಗ್ಲಿಷ್ ಅಂಕಿಯಲ್ಲೇ ಬರೆ ಎಂದು ನೂರು ಸಲ ಹೇಳಿದ್ದ. ಅವಸರ ಬಿದ್ದರೆ ನನ್ನ ಕೈಗೆ ಬರುತ್ತಿದ್ದುದು ಕನ್ನಡದವೇ.

ದಾವಣಗೆರೆಯ ವ್ಯಾಪಾರಸ್ಥರ ಮನೆಯೊಂದರ ಕೆಲಸ ಬಂತು. ಅವರು ಹಳೆಯ ಮನೆ ಬಿಟ್ಟು ಎಸ್.ಎಸ್. ಬಡಾವಣೆಯ ಹೊಸ ಮನೆಗೆ ಹೋಗುವವರಿದ್ದರು. ದೇವರಕೋಣೆಯ ಬಾಗಿಲ ಮೇಲಿದ್ದ ಗಿಳಿಯ ಗಾಜು ತಮ್ಮ ಜೊತೆಗೇ ಬರಬೇಕು ಎಂದು ಆ ಮನೆಯ ಅಜ್ಜಿಯ ಹಟ. ಗಿಳಿಯ ಕೊರಳಪಟ್ಟಿಯ ತುಂಡು ಬಿದ್ದುಹೋಗಿ ಬಹಳ ಕಾಲವಾಗಿತ್ತು. ಅದರ ಬಣ್ಣ ನೆನಪಿದ್ದುದು ಅಜ್ಜಿಗೆ ಮಾತ್ರ. ಅವರು ಸೊಂಟನೋವಿನಿಂದ ಒಳಮನೆಯಲ್ಲಿ ಮಲಗಿದ್ದರು. ಅಣ್ಣ ಏಣಿಯ ಮೇಲಿದ್ದ. ಕಾಗದ ಹಿಡಿದು ನಾನು ಒಳಗೆ ಹೋದೆ.

ಗೌರಿ ಹುಣ್ಣಿಮೆಯ ಸಕ್ಕರೆ ಅಚ್ಚಿನ ಆರತಿ ಇರುತ್ತದಲ್ಲ, ಅದರ ಗುಲಾಬಿ ಎಂದರು ಅಜ್ಜಿ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ೪ ಎಂದು ಬರೆದೆ. ಅದರ ಬಾಯಿ ಮೇಲೆ ತೆರೆದಿರಬೇಕು. ಅವಸರದಲ್ಲಿ ಎರಡೂ ತುದಿ ಕೂಡಿಕೊಂಡವು.

ಹೊಸ ಮನೆಯಲ್ಲಿ ಗಾಜು ಕೂರಿಸಿದ ಬೆಳಿಗ್ಗೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕರೆತಂದರು. ಅವರು ಬಹಳ ಹೊತ್ತು ಕತ್ತೆತ್ತಿ ನೋಡಿದರು.

"ಗಿಳಿ ಕೊರಳಿಗೆ ಇದ್ದಿಲು ಯಾಕ ಕಟ್ಟೀಯಪ್ಪ? ನಿನಗ ಬಣ್ಣ ಕಾಣ್ತಾವೋ ಇಲ್ಲೋ?"

ಮನೆಮಂದಿ ನಕ್ಕರು. ಕಾಗದದಲ್ಲಿ ಎಂಟೇ ಇತ್ತು ಎಂದು ಅಣ್ಣ ಹೇಳಿ, ಅದನ್ನು ತರಲು ನನ್ನನ್ನು ಕಳಿಸಿದ. ಚೀಲ ಹೊರಗೆ ಕಟ್ಟೆಯ ಮೇಲಿತ್ತು. ಕಾಗದ ಬಿಡಿಸಿದ ಕೂಡಲೇ ನನಗೆ ತಿಳಿಯಿತು: ಬಾಯಿ ಮುಚ್ಚಿದ ನನ್ನ ೪ ಇಂಗ್ಲಿಷಿನ 8ರ ಹಾಗೇ ಕಾಣುತ್ತಿತ್ತು. ಇನ್ನು ಮೇಲೆ ಅವನು ನನಗೆ ಅಂಕಿ ಬರೆಯಲು ಕೊಡುವುದಿಲ್ಲ, ನಾನು ಬರೀ ಒರೆಸುವವಳಾಗುತ್ತೇನೆ ಅನ್ನಿಸಿತು. ರಬ್ಬರಿನ ಮೂಲೆಯಿಂದ ಅಂಕಿಯ ತಲೆಯನ್ನು ಒಂದಿಷ್ಟೇ ಒರೆಸಿದೆ. ನಾಲ್ಕು ಬಾಯಿ ತೆರೆಯಿತು.

ಅಣ್ಣ ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ. ಕನ್ನಡದ್ದು ಬರೆದದ್ದಕ್ಕೆ ಬೈಯಲೂ ಇಲ್ಲ. "ನಾಲ್ಕೇ ಐತೆ" ಎಂದಷ್ಟೇ ಹೇಳಿದ.

ಆ ತುಂಡನ್ನು ಬದಲಾಯಿಸುವುದು ಅರ್ಧ ದಿನದ ಕೆಲಸ, ಬದಲಾಯಿಸಿಕೊಟ್ಟ. ಆದರೆ ಆಮೇಲೆ ಪ್ರತಿ ಗಾಜನ್ನೂ ಕಿಟಕಿಗೆ ಹಿಡಿದು, ಇದು ಯಾವ ಬಣ್ಣ ಎಂದು ನನ್ನನ್ನು ಕೇಳತೊಡಗಿದ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ನಾನು ಅಂಕಿ ಓದಿ ಹೇಳುತ್ತಿದ್ದೆ. ಕಣ್ಣಿನ ಡಾಕ್ಟರು ಏನೂ ಇಲ್ಲ ಎಂದರು. ಅವನು ನಂಬಲಿಲ್ಲ. ಬಂದ ಕೆಲಸಗಳನ್ನು ಒಂದೊಂದೇ ತಿರುಗಿಸಿ ಕಳಿಸಿ, ವರ್ಷ ತುಂಬುವುದರೊಳಗೆ ಗುತ್ತೂರಿನ ಹತ್ತಿರದ ಕಾರ್ಖಾನೆಗೆ ಸೇರಿದ. ಬಣ್ಣದ ಗಾಜಿನ ಹಾಳೆಗಳು ಗೋಡೆಗೆ ಒರಗಿ ದೂಳು ತಿಂದವು. ಪೆನ್ಸಿಲ್ ಉಳಿಸಿಕೊಳ್ಳಲು ಹೋಗಿ ಅಂಗಡಿಯನ್ನೇ ಮುಚ್ಚಿಸಿದ್ದೆ.

ಮರುವರ್ಷ ನನಗೆ ದಾವಣಗೆರೆಯ ವಿನೋಬನಗರದ ಕಡೆ ಮದುವೆ ಗೊತ್ತಾಯಿತು. ಒಂದು ಭಾನುವಾರ ಅಣ್ಣ ಆ ಹಾಳೆಗಳನ್ನು ಒರೆಸುತ್ತಾ ಕೂತಿದ್ದ. ನನ್ನ ಅತ್ತೆಮನೆಯ ಬಾಗಿಲ ಮೇಲೆ ಹಾಕಲು ಚಿಕ್ಕದೊಂದು ಗಾಜು ಮಾಡುತ್ತಾನಂತೆ.

"ಬಣ್ಣ ನೀನೇ ಆರಿಸು. ನನ್ನ ಕಣ್ಣು ನಂಬಿದ್ರೆ ನಿಮ್ಮತ್ತಿ ನಗ್ತಾಳೆ" ಎಂದು ತಾನೇ ನಕ್ಕ.

ನನಗೆ ನಗು ಬರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಕಾಗದದ ಮೇಲೆ ನಾಲ್ಕು ಬರೆದೆ, ಬಾಯಿ ಮುಚ್ಚಿ.

"ಇದೆಷ್ಟಣ್ಣ?"

"ಎಂಟು."

ತಲೆಯನ್ನು ಒಂದಿಷ್ಟು ಒರೆಸಿ ಅವನ ಮುಂದಿಟ್ಟೆ. ಅವನು ಕಾಗದವನ್ನೇ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅವತ್ತು ಕಟ್ಟಿ ಮ್ಯಾಲೆ ಕುಂತು ಹಿಂಗೇ ಒರೆಸಿದ್ದೆ" ಎಂದೆ. "ನಿನ್ನ ಕಣ್ಣು ಸರಿಯಾಗೇ ಅದಾವು. ಕಾಗದದಾಗ ಎಂಟೇ ಇತ್ತು, ನೀನು ಓದಿದ್ದು ಸರಿ ಇತ್ತು. ನಾನು ಬಾಯಿ ಬಿಡ್ಲಿಲ್ಲ. ತಪ್ಪಾತಣ್ಣ."